ನಜ್ಲಾಳ ಮದುವೆ ಮತ್ತು ಒಂಬತ್ತನೆಯ ಪರಿಷ್ಕರಣೆ

ಸಾಕೆಟ್ಟು ಗಂಡಿನ ಕಡೆಯದು. ಪ್ಲಗ್ಗು ಹೆಣ್ಣಿನ ಕಡೆಯದು. ತಂತಾ ಪಟ್ಟಣದಲ್ಲಿ ಇದು ಲಿಖಿತ ಕಾನೂನಲ್ಲ. ಆದ್ದರಿಂದ ಇದನ್ನು ಯಾರೂ ಮೀರುವುದಿಲ್ಲ. ಮನೆ, ಮನೆಯ ಗೋಡೆ, ಗೋಡೆಗೆ ಅಂಟಿಕೊಂಡಿರುವುದೆಲ್ಲವನ್ನೂ ವರನ ತಂದೆ ಒದಗಿಸತಕ್ಕದ್ದು. ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಮೊದಲಾಗಿ ತಂತಿಯ ಬಾಲವುಳ್ಳ ಸಮಸ್ತ ವಸ್ತುಗಳನ್ನು ವಧುವಿನ ತಾಯಿ ಕೂಡಿಸತಕ್ಕದ್ದು. ಗೋಡೆ ಬಾಲವನ್ನು ಒಪ್ಪಿಕೊಂಡ ಮೇಲೆ ದೀಪ. ದೀಪ ಉರಿದ ಮೇಲೆ ಮದುವೆ.

ಉಸ್ತಾ ದಸೂಕಿಗೆ ಈ ಪದ್ಧತಿಯ ಬಗ್ಗೆ ಯಾವ ತಕರಾರೂ ಇರಲಿಲ್ಲ. ಪಳಗಿದ ಕಸುಬುದಾರರನ್ನು ಆ ಊರಿನಲ್ಲಿ ಉಸ್ತಾ ಎನ್ನುತ್ತಾರೆ. ದಸೂಕಿ ವೈರಿಂಗಿನ ಉಸ್ತಾ. ಊರಿನ ಅರ್ಧ ಗೋಡೆಗಳನ್ನು ಅವನು ಒಡೆದು ಮುಚ್ಚಿದ್ದನು. ಉಳಿದ ಅರ್ಧವನ್ನು ಒಡೆದು ಇನ್ನೂ ಮುಚ್ಚಿರಲಿಲ್ಲ. ಅವನ ಒಬ್ಬಳೇ ಮಗಳು ನಜ್ಲಾಳಿಗೆ ಹಾಜಿ ಗುನೈಮರ ಮಗ ವಜ್ದಿಯೊಡನೆ ನಿಶ್ಚಿತಾರ್ಥವಾಗಿತ್ತು. ಹಾಜಿಯವರದು ಸಾಕೆಟ್ಟು ತಯಾರಿಸುವ ಕಾರ್ಖಾನೆ. ಕೆಳಗಿನ ಅಂತಸ್ತಿನಲ್ಲಿ ಕಾರ್ಖಾನೆ, ಅದರ ಮೇಲೆ ಹಾಜಿಯವರ ಸಂಸಾರ, ಅದಕ್ಕೂ ಮೇಲೆ ವಜ್ದಿಗಾಗಿ ಕಟ್ಟಿಸಿದ ಹೊಸ ಮನೆ, ತಾರಸಿಯ ಮೇಲೆ ಪಾರಿವಾಳಗಳು. ಸಾಕೆಟ್ಟು ಮಾಡುವವರ ಮನೆಗೆ ವೈರು ಎಳೆಯುವವನ ಮಗಳು ಹೋಗುತ್ತಿರುವುದರಿಂದ ಈ ಮದುವೆಗೆ ಕತ್ತಲೆಯ ಭಯವಿಲ್ಲವೆಂದು ಊರಿನವರು ತೀರ್ಮಾನಿಸಿದ್ದರು.

ರಾಜಧಾನಿಯಲ್ಲಿ ವಿದ್ಯುತ್ ಸುರಕ್ಷಾ ಸಂಹಿತೆಯ ಶಾಶ್ವತ ಪರಿಷ್ಕರಣ ಸಮಿತಿ ಎಂಬುದೊಂದಿತ್ತು. ಸಂಹಿತೆಯನ್ನು ಪರಿಷ್ಕರಿಸಿದ ವರ್ಷ ಮಾತ್ರ ಸದಸ್ಯರಿಗೆ ಸಭಾಭತ್ಯೆ ಸಲ್ಲತಕ್ಕದ್ದು ಎಂಬ ನಿಯಮವಿದ್ದುದರಿಂದ, ನಾಡಿನ ಸುರಕ್ಷತೆ ಪ್ರತಿವರ್ಷವೂ ತಪ್ಪದೆ ಸುಧಾರಿಸುತ್ತಿತ್ತು. ಐದನೆಯ ಪರಿಷ್ಕರಣೆಯವರೆಗೆ ಈ ಸುಧಾರಣೆಗಳು ಪ್ಲಗ್ಗಿನ ಅಳತೆಯನ್ನು ಕೂದಲೆಳೆಯಷ್ಟು ಬದಲಿಸುವುದರಲ್ಲೇ ಇದ್ದು, ಯಾರಿಗೂ ಅಪಾಯ ಉಂಟುಮಾಡಿರಲಿಲ್ಲ.

ಆರನೆಯ ಪರಿಷ್ಕರಣೆಗೆ ಕಾರಣಕರ್ತರು ಹಾಜಿ ಗುನೈಮರೇ. ಸಮುದ್ರದಾಚೆಯಿಂದ ಬರುತ್ತಿದ್ದ ಎರಡು ತೂತಿನ ಅಗ್ಗದ ಸಾಕೆಟ್ಟುಗಳು ಅವರ ವ್ಯಾಪಾರವನ್ನು ನುಂಗುತ್ತಿದ್ದವು. ಅವರು ಸಮಿತಿಯನ್ನು ಸ್ಥಳ ಅಧ್ಯಯನಕ್ಕೆಂದು ತಂತಾಕ್ಕೆ ಆಹ್ವಾನಿಸಿ, ತಾರಸಿಯ ಪಾರಿವಾಳಗಳಿಗೆ ಹಸಿಗೋಧಿಯ ನುಚ್ಚು ತುಂಬಿಸಿ, ಹುರಿಸಿ ಬಡಿಸಿದರು. ಮೂರನೆಯ ಪಾರಿವಾಳ ಮುಗಿಯುವ ಹೊತ್ತಿಗೆ ಮೂರನೆಯ ತೂತಿನ ಅಗತ್ಯ ಸಮಿತಿಗೆ ಮನವರಿಕೆಯಾಯಿತು. ಪ್ರಕಟಣೆ ಹೀಗಿತ್ತು: 'ಪ್ರತಿಯೊಂದು ಸಾಕೆಟ್ಟಿಗೂ ಮೂರನೆಯ ತೂತು ಇರತಕ್ಕದ್ದು. ಸದರಿ ತೂತಿನ ಹಿಂದೆ ಏನಿರಬೇಕೆಂಬುದನ್ನು ಕಾಲಕ್ರಮದಲ್ಲಿ ತಿಳಿಸಲಾಗುವುದು.'

"ಬೀಗ್ರೇ, ತೂತು ಮಾಡೋದು ನಾನು, ಗೋಡೆ ಒಡೆಯೋದು ನೀವು. ದೇವರು ಒಂದೇ ಏಟಿಗೆ ಇಬ್ಬರಿಗೂ ಕೊಟ್ಟ," ಎಂದು ಹಾಜಿಯವರು ಚಹಾ ತರಿಸಿದರು.

"ಸಮಿತಿಯವರ ಕೈಗೆ ಒಳ್ಳೇದಾಗ್ಲಿ," ಎಂದನು ದಸೂಕಿ.

ಅವನು ಮನಃಪೂರ್ವಕವಾಗಿಯೇ ಹೇಳಿದನು. ಆ ವರ್ಷ ಅವನು ಮೋಟಾರ್ ಸೈಕಲ್ಲು ಕೊಂಡು, ಅದರ ಹಿಂಬದಿಯಲ್ಲಿ 'ಇದೆಲ್ಲ ದೇವರ ಕೃಪೆ' ಎಂದು ಬರೆಸಿದನು. ದೇವರದು ಅರ್ಧ, ಸಮಿತಿಯದು ಅರ್ಧ ಎಂದು ಅವನ ಹೆಂಡತಿ ನೆರೆಯವರಿಗೆ ತಿದ್ದಿ ಹೇಳುತ್ತಿದ್ದಳು. ಮಗಳ ಹೆಸರಿನಿಂದಲೇ ಅವಳು ಊರಿಗೆಲ್ಲ ಉಮ್ ನಜ್ಲಾ, ಎಂದರೆ ನಜ್ಲಾಳ ತಾಯಿ. ಸ್ವಂತ ಹೆಸರು ಏನೆಂದು ಕೇಳುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ.

ದಸೂಕಿ ಮಗಳ ಹೊಸ ಮನೆಗೆ ಆರನೆಯ ಪರಿಷ್ಕರಣೆಯಂತೆ ವೈರಿಂಗ್ ಮಾಡಿದನು. ಬೀಗರ ಮನೆಯ ಕೆಲಸವಾದ್ದರಿಂದ ಕೂಲಿ ಪಡೆಯುವಂತಿರಲಿಲ್ಲ. ಮಗಳ ಮನೆಯಾದ್ದರಿಂದ ಕೆಟ್ಟದಾಗಿ ಮಾಡುವಂತೆಯೂ ಇರಲಿಲ್ಲ. ಗಾರೆ ಒಣಗಿದ ಮೇಲೆ ವಿದ್ಯುತ್ ಕಚೇರಿಯ ತಪಾಸಣಾಧಿಕಾರಿ ಇಂಜಿನಿಯರ್ ಫಿಕ್ರಿಯವರು ಬಂದರು. ಅವರು ಅತ್ಯಂತ ಸಜ್ಜನರು. ತಮ್ಮ ಸೇವಾವಧಿಯಲ್ಲಿ ಯಾರಿಂದಲೂ ಬಿಡಿಗಾಸು ಪಡೆದವರಲ್ಲ. ಯಾರಿಗೂ ಪ್ರಮಾಣಪತ್ರ ಕೊಟ್ಟವರೂ ಅಲ್ಲ. ಅವರು ಪ್ರತಿಯೊಂದು ಸಾಕೆಟ್ಟನ್ನೂ ಬಗ್ಗಿ ನೋಡಿ, ಗೋಡೆಯನ್ನು ಬೆರಳಿನಿಂದ ತಟ್ಟಿ, ತಲೆದೂಗಿದರು.

"ಉಸ್ತಾ, ಕೆಲಸ ಅಂದ್ರೆ ಇದು. ಎಲ್ಲೂ ಒಂದು ಬೊಟ್ಟು ಇಡೋ ಹಾಗಿಲ್ಲ."

"ಹಾಗಾದ್ರೆ ಮೀಟರ್ ಯಾವಾಗ ಸಾಹೇಬ್ರೇ?"

"ಆರನೇ ಪರಿಷ್ಕರಣೆ ಪ್ರಕಾರ ಈಗಲೇ ಕೊಡಬಹುದು. ಆದ್ರೆ ಏಳನೇದು ಇವತ್ತು ಬೆಳಿಗ್ಗೆ ಬಂತು."

ದಸೂಕಿ ಉಳಿಯನ್ನು ಚೀಲದಿಂದ ಮತ್ತೆ ಹೊರತೆಗೆದನು. "ನೀವು ನಿನ್ನೆ ಬರ್ತೀನಿ ಅಂದಿದ್ರಿ."

"ಹೊರಟಿದ್ದೆ ಉಸ್ತಾ. ಏಳನೇದು ಬಂದ್ಮೇಲೆ ಹೋದ್ರೆ ನಿಮಗೆ ಎರಡೆರಡು ಸಲ ತೊಂದರೆ ಆಗಲ್ಲ ಅಂತ ವಾಪಸ್ ಹೋದೆ. ನಿಮ್ಮ ಒಳ್ಳೇದಕ್ಕೇ."

ಏಳನೆಯ ಪರಿಷ್ಕರಣೆ ರಾಜಧಾನಿಯ ಮತ್ತೊಬ್ಬ ಸಾಕೆಟ್ಟು ತಯಾರಕರ ಕೃತಿ. ಅವರು ಸಮಿತಿಗೆ ಬಡಿಸಿದ್ದು ಬಾತುಕೋಳಿ. ಬಾತುಕೋಳಿಯ ಪ್ರಭಾವದಿಂದ ದುಂಡು ತೂತುಗಳು ಅಪಾಯಕಾರಿ ಎಂದೂ, ಚಪ್ಪಟೆ ಸೀಳುಗಳೇ ಸುರಕ್ಷಿತ ಎಂದೂ ಸಾಬೀತಾಯಿತು. ಹಾಜಿಯವರ ಅಚ್ಚುಗಳೆಲ್ಲವೂ ಒಂದು ಬೆಳಗಿನಲ್ಲಿ ಕಬ್ಬಿಣದ ತುಂಡುಗಳಾದವು. ಅವರು ಒಂದನ್ನು ಬಾಗಿಲಿಗೆ ಅಡ್ಡಕೊಡಲು ಇಟ್ಟುಕೊಂಡು, ಉಳಿದವುಗಳ ನಡುವೆ ಕುಳಿತು ಆಳವಾಗಿ ವಿಚಾರಮಾಡಿದರು.

"ಪಾರಿವಾಳ ಸಾಲ್ದಾಯ್ತು," ಎಂದರು ಕೊನೆಗೆ.

ಇಲ್ಲಿ ವಧುವಿನ ಸಾಮಗ್ರಿಯ ವಿಷಯವನ್ನು ತಿಳಿಸಬೇಕು. ನಜ್ಲಾ ಹೈಸ್ಕೂಲು ಸೇರಿದ ವಾರವೇ ಉಮ್ ನಜ್ಲಾ ಇಸ್ತ್ರಿಪೆಟ್ಟಿಗೆಯೊಂದನ್ನು ಕೊಂಡು ಮಂಚದಡಿ ಇಟ್ಟಿದ್ದಳು. ಅಲ್ಲಿಂದ ಮುಂದೆ ಹಬ್ಬ ಹಬ್ಬಕ್ಕೂ ಒಂದೊಂದು ವಸ್ತು ಕೂಡಿ, ಈಗ ಮುಂಗೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಏರಿದ್ದವು. ಬಂದ ಅತಿಥಿಗಳು ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಪೆಟ್ಟಿಗೆಗಳ ಸಂದಿಯಲ್ಲಿ ಕುಳಿತು ಮಾತನಾಡುತ್ತಿದ್ದರು. ಮದುವೆಯ ಮುನ್ನ ಈ ಪೆಟ್ಟಿಗೆಗಳು ತೆರೆದ ಲಾರಿಯಲ್ಲಿ, ಸೀಲು ಒಡೆಯದೆ, ಎಲ್ಲರೂ ನೋಡುವಂತೆ ವರನ ಮನೆಗೆ ಮೆರವಣಿಗೆ ಹೋಗಬೇಕು. ಸೀಲು ಒಡೆದ ಪೆಟ್ಟಿಗೆ ಬಳಸಿದ ವಸ್ತುವಿಗೆ ಸಮ. ಬಳಸಿದ ವಸ್ತುವಿನೊಡನೆ ಹೋದ ಮಗಳ ವಿಷಯ ಮುಂದಿನ ತಲೆಮಾರಿಗೂ ಮಾತಾಗುತ್ತದೆ. ಹೀಗಾಗಿ ಪ್ಲಗ್ಗು ಕತ್ತರಿಸಿ ಹೊಸದು ಹಾಕುವ ಮಾತೇ ಇರಲಿಲ್ಲ. ತೊಂದರೆಯೆಂದರೆ, ಪ್ರತಿಯೊಂದು ವಸ್ತುವಿನ ಪ್ಲಗ್ಗೂ ಅದನ್ನು ಕೊಂಡ ವರ್ಷದ ಪರಿಷ್ಕರಣೆಗೆ ನಿಷ್ಠವಾಗಿತ್ತು. ಇಸ್ತ್ರಿಪೆಟ್ಟಿಗೆ ಒಂದನೆಯದನ್ನು, ಮಿಕ್ಸಿ ನಾಲ್ಕನೆಯದನ್ನು, ಫ್ರಿಜ್ಜು ಆರನೆಯದನ್ನು ನಂಬಿದ್ದವು. ಏಳನೆಯದನ್ನು ನಂಬುವ ವಸ್ತು ಆ ಮನೆಯಲ್ಲಿ ಒಂದೂ ಇರಲಿಲ್ಲ.

ದಸೂಕಿ ಮಗಳ ಮನೆಯ ಗೋಡೆಗಳನ್ನು ಎರಡನೆಯ ಬಾರಿ ಒಡೆದು ಸೀಳಿನ ಸಾಕೆಟ್ಟು ಕೂಡಿಸುತ್ತಿದ್ದಾಗ ವಿವೇಕಿಗಳು ಅಡಾಪ್ಟರಿನ ಹೆಸರು ಎತ್ತಿದರು. ಎರಡು ಕುಟುಂಬಗಳೂ ಹಾಜಿಯವರ ಮುಂಗೋಣೆಯಲ್ಲಿ ಸಭೆ ಸೇರಿದವು. ಅಡಾಪ್ಟರು ಯಾರ ಕಡೆಯದು ಎಂಬುದು ಪ್ರಶ್ನೆ.

"ಅದು ಗೋಡೆಗೆ ಸಿಕ್ಕಿಕೊಂಡಿರುತ್ತೆ," ಎಂದಳು ಉಮ್ ನಜ್ಲಾ. "ಗೋಡೆ ನಿಮ್ಮದು."

"ಎಳೆದ್ರೆ ಕೈಗೆ ಬರುತ್ತೆ. ಕೈಗೆ ಬರೋದೆಲ್ಲ ಹುಡುಗಿ ಕಡೇದು," ಎಂದರು ಹಾಜಿಯವರು.

"ಎಳೆದ್ರೆ ನಿಮ್ಮ ಸಾಕೆಟ್ಟೂ ಕೈಗೆ ಬರುತ್ತೆ ಹಾಜಿಯವ್ರೇ. ಹಾಗಂತ ಅದನ್ನೂ ನಾವೇ ತರೋಣ್ವಾ?"

ಹಾಜಿಯವರು ಜಪಮಾಲೆಯ ಮಣಿಯೊಂದನ್ನು ನಿಧಾನವಾಗಿ ಸರಿಸಿದರು. ಆ ಸಾಕೆಟ್ಟುಗಳನ್ನು ಗೋಡೆಗೆ ಕೂಡಿಸಿದ್ದು ದಸೂಕಿಯಾದ್ದರಿಂದ, ಮಾತು ಯಾರಿಗೆ ತಗುಲಿತೆಂದು ತಿಳಿಯದೆ ಅವನು ಚಹಾದ ಲೋಟದೊಳಗೆ ನೋಡಿದನು.

"ನಾನೇ ತರ್ತೀನಿ ಬಿಡಿ. ಬೀದಿಗಾಡೀಲಿ ಒಂದು ತಟ್ಟೆ ಕೋಶರಿ ತಿಂದಷ್ಟು ಖರ್ಚಿಲ್ಲ ಅದಕ್ಕೆ," ಎಂದನು ವಜ್ದಿ.

"ನೀನು ಸುಮ್ನಿರು," ಎಂದರು ತಂದೆ.

"ಮದುವೆಗೆ ಮುಂಚೆನೇ ಇಷ್ಟು ಮಾತಾ," ಎಂದಳು ಅವನ ಭಾವೀ ಅತ್ತೆ ಉಮ್ ನಜ್ಲಾ.

ಕಡೆಗೆ ಇಂಜಿನಿಯರ್ ಫಿಕ್ರಿಯವರನ್ನೇ ಕೇಳಿಬಂದರು. ಗೋಡೆಗೂ ವಸ್ತುವಿಗೂ ನಡುವೆ ಯಾವುದೇ ಮಧ್ಯವರ್ತಿ ಸಾಧನವನ್ನು ಸಂಹಿತೆ ನಿಷೇಧಿಸಿದೆ ಎಂದು ಅವರು ತಿಳಿಸಿದರು. ಸುದ್ದಿ ಕೇಳಿ ಎರಡೂ ಕುಟುಂಬಗಳು ನೆಮ್ಮದಿಯ ಉಸಿರು ಬಿಟ್ಟವು. ಬೀಗತನ ಉಳಿಯಿತು. ದೀಪ ಮಾತ್ರ ಬರಲಿಲ್ಲ.

ಹಾಜಿಯವರು ಸುಮ್ಮನೆ ಕೂರುವವರಲ್ಲ. ಅವರು ಕರುವೊಂದನ್ನು ಕೊಯ್ಯಿಸಿ ಸಮಿತಿಯನ್ನು ಮತ್ತೆ ಅಧ್ಯಯನಕ್ಕೆ ಕರೆದರು. ಅದೇ ತಿಂಗಳು ರಾಜಧಾನಿಯ ತಯಾರಕರೂ ಕರುವೊಂದನ್ನು ಕೊಯ್ಯಿಸಿದರು. ಎರಡು ಕರುಗಳ ತೂಕ ಸಮನಾಗಿದ್ದುದರಿಂದ ಸಮಿತಿ ನ್ಯಾಯಪಕ್ಷಪಾತಿಯಾಗಿ ಎಂಟನೆಯ ಪರಿಷ್ಕರಣೆಯನ್ನು ಹೊರಡಿಸಿತು: 'ಬಿಸಿಯಾಗುವ ವಸ್ತುಗಳಿಗೆ ದುಂಡು ತೂತು, ತಣ್ಣಗಾಗುವ ವಸ್ತುಗಳಿಗೆ ಸೀಳು ತೂತು. ಎರಡೂ ಆಗದ ವಸ್ತುಗಳು ಮುಂದಿನ ಆದೇಶದವರೆಗೆ ಕಾಯತಕ್ಕದ್ದು. ಎಲ್ಲ ಸಾಕೆಟ್ಟುಗಳೂ ನೆಲದಿಂದ ಎದೆಮಟ್ಟದಲ್ಲಿರತಕ್ಕದ್ದು. ಯಾರ ಎದೆ ಎಂಬುದನ್ನು ತಪಾಸಣಾಧಿಕಾರಿ ನಿರ್ಧರಿಸುವರು.'

ಫಿಕ್ರಿಯವರು ಕುಳ್ಳರಾಗಿದ್ದುದು ಊರಿನ ಪುಣ್ಯ. ಆದರೂ ದಸೂಕಿ ಮಗಳ ಮನೆಯ ಗೋಡೆಗಳನ್ನು ಮೂರನೆಯ ಬಾರಿ ಒಡೆಯಬೇಕಾಯಿತು. ಆ ಗೋಡೆಗಳಲ್ಲಿ ಈಗ ಇಟ್ಟಿಗೆಗಿಂತ ತೇಪೆಯೇ ಹೆಚ್ಚಾಗಿತ್ತು. ಮಧ್ಯಾಹ್ನವೊಂದರಲ್ಲಿ ಅವನ ಉಳಿ ಗೋಡೆಯನ್ನು ದಾಟಿ ಪಕ್ಕದ ಕಟ್ಟಡದ ಮನೆಯೊಳಗೆ ಹೊಕ್ಕಿತು. ಆ ಮನೆಯವರು ಊಟಕ್ಕೆ ಕುಳಿತಿದ್ದರು. ಅವರು ಉಳಿಯನ್ನು ಗೌರವದಿಂದ ಹಿಂದಿರುಗಿಸಿ, ಅದೇ ತೂತಿನ ಮೂಲಕ ಒಂದು ಬಟ್ಟಲು ಮುಲೂಖಿಯಾ ಸೊಪ್ಪಿನ ಸಾರನ್ನೂ ರೊಟ್ಟಿಯನ್ನೂ ದಾಟಿಸಿದರು.

"ಎಷ್ಟನೇದು ಉಸ್ತಾ ಇದು?" ಎಂದು ಆಚೆಯಿಂದ ಕೇಳಿದರು.

"ಎಂಟನೇದು."

"ಸಾರು ಸಾಕಾ?"

"ಸಾಕು, ದೇವರು ನಿಮ್ಮ ಮನೆ ತುಂಬಿಸಲಿ. ಬೆಳ್ಳುಳ್ಳಿ ಒಂಚೂರು ಜಾಸ್ತಿ ಇರಬೇಕಿತ್ತು."

ಕೆಲಸ ಮುಗಿದು ಫಿಕ್ರಿಯವರು ಬಂದಾಗ ಫ್ರಿಜ್ಜಿನ ಪ್ರಶ್ನೆ ಉದ್ಭವಿಸಿತು. ತಣ್ಣಗಾಗುವ ವಸ್ತುವೆಂದು ದಸೂಕಿ ಅದಕ್ಕೆ ಸೀಳು ತೂತಿನ ಸಾಕೆಟ್ಟು ಹಾಕಿದ್ದನು.

"ಫ್ರಿಜ್ಜು ಮುಂದೆ ತಣ್ಣಗಿರುತ್ತೆ, ನಿಜ," ಎಂದರು ಫಿಕ್ರಿಯವರು. "ಹಿಂದೆ ಕೈಯಿಟ್ಟು ನೋಡಿದ್ದೀರಾ? ಬಿಸಿ."

"ಫ್ರಿಜ್ಜು ಇನ್ನೂ ಪೆಟ್ಟಿಗೇಲಿದೆ ಸಾಹೇಬ್ರೇ. ಹಿಂದೂ ಇಲ್ಲ, ಮುಂದೂ ಇಲ್ಲ."

"ಅದಕ್ಕೇ ಇದು ನನ್ನ ಮಟ್ಟದಲ್ಲಿ ತೀರೋದಲ್ಲ. ಸಮಿತಿಗೆ ಬರೀತೀನಿ. ಇನ್‌ಶಾ ಅಲ್ಲಾ, ಹಬ್ಬದೊಳಗೆ ಉತ್ತರ ಬರುತ್ತೆ."

ಯಾವ ಹಬ್ಬ ಎಂದು ದಸೂಕಿ ಕೇಳಲಿಲ್ಲ.

ಈ ನಡುವೆ ಊರಿನಲ್ಲಿ ಹೊಸದೊಂದು ಬಗೆಯ ವರನಿಗೆ ಬೆಲೆ ಬಂದಿತ್ತು. ಆರನೆಯ ಪರಿಷ್ಕರಣೆಗೆ ಮುಂಚೆಯೇ ಮೀಟರು ಪಡೆದಿದ್ದ ಹಳೆಯ ಮನೆಗಳಲ್ಲಿ ವಿದ್ಯುತ್ತು ನಿರಾತಂಕವಾಗಿ ಹರಿಯುತ್ತಿತ್ತು. ಅಂಥ ಮನೆಯುಳ್ಳವರನ್ನು ಮದುವೆ ಕುದುರಿಸುವ ಹೆಂಗಸರು 'ಮೀಟರಿರುವ ಗಂಡು' ಎಂದು ವರ್ಣಿಸತೊಡಗಿದ್ದರು. ಮೀಟರಿದ್ದರೆ ವಯಸ್ಸು ಕೇಳುತ್ತಿರಲಿಲ್ಲ; ಸುಸ್ಥಿತಿಯ ಮೀಟರಿದ್ದರೆ ಹಲ್ಲನ್ನೂ ಎಣಿಸುತ್ತಿರಲಿಲ್ಲ. ಹತ್ತಿ ವ್ಯಾಪಾರಿಯಾದ ವಿಧುರನೊಬ್ಬನ ಪರವಾಗಿ ಉಮ್ ನಜ್ಲಾಳ ಬಳಿಗೂ ಮಾತು ಬಂತು. ಅವನ ಮನೆಯಲ್ಲಿ ಮೀಟರು ಎರಡಿದ್ದವು.

"ದೊಡ್ಡ ಹಬ್ಬದವರೆಗೂ ನೋಡ್ತೀನಿ ಅಬು ನಜ್ಲಾ," ಎಂದಳು ಅವಳು ಗಂಡನಿಗೆ. "ಅಷ್ಟರಲ್ಲಿ ಆ ಮನೇಲಿ ದೀಪ ಬಂದ್ರೆ ವಜ್ದಿ. ಬರದಿದ್ರೆ ಹತ್ತಿಯವರು. ನನ್ನ ಮಗಳು ಕತ್ತಲೇಲಿ ತಡಕಾಡ್ಕೊಂಡು ಸಂಸಾರ ಮಾಡಲ್ಲ."

"ಆ ಮನುಷ್ಯ ನನಗಿಂತ ದೊಡ್ಡವನು."

"ಕತ್ತಲೇಲಾದ್ರೆ ವಯಸ್ಸು ಕಾಣಲ್ಲ. ಅಲ್ಲಿ ಬೆಳಕಿದೆ, ಕಾಣುತ್ತೆ. ಕಾಣ್ಲಿ. ಫ್ರಿಜ್ಜು ಓಡುತ್ತಲ್ಲ."

ನಜ್ಲಾ ಪೆಟ್ಟಿಗೆಗಳ ಸಂದಿಯಲ್ಲಿ ಕುಳಿತು ಮಸೂರದ ಬೇಳೆ ಆರಿಸುತ್ತಿದ್ದಳು. ಮುಖ ಕಾಣದಿದ್ದರೂ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಅಪ್ಪಾ, ನಾನು ಮೀಟರನ್ನ ಮದುವೆ ಆಗಲ್ಲ. ಎರಡಿದ್ರೂ ಆಗಲ್ಲ. ವಜ್ದಿ ಆಗದಿದ್ರೆ ಈ ಪೆಟ್ಟಿಗೆಗಳ ಮಧ್ಯಾನೇ ಇರ್ತೀನಿ. ಅಮ್ಮ ಒಂದೊಂದು ಹಬ್ಬಕ್ಕೆ ಒಂದೊಂದು ತರ್ತಾ ಹೋಗಲಿ, ಸಮಾಧಿ ತಾನಾಗೇ ಕಟ್ಟುತ್ತೆ."

ದಸೂಕಿ ಆ ಸಂಜೆ ಮೋಟಾರ್ ಸೈಕಲ್ಲನ್ನು ಒರೆಸಲಿಲ್ಲ. ಗೋಡೆ ಒಡೆಯುವ ಕೆಲಸ ಊರಿನಲ್ಲಿ ಬೇಕಾದಷ್ಟಿತ್ತು. ಮೂರು ಪರಿಷ್ಕರಣೆಗಳು ಅವನ ಕೈಗೆ ಬಿಡುವೇ ಕೊಟ್ಟಿರಲಿಲ್ಲ. ಒಡೆಯುತ್ತಿದ್ದ ಗೋಡೆಗಳಲ್ಲಿ ಒಂದು ತನ್ನ ಮಗಳದ್ದೂ ಆಗಬಹುದೆಂದು ಅವನಿಗೆ ಮೊದಲೇ ಹೊಳೆದಿರಲಿಲ್ಲ ಎಂಬುದಷ್ಟೇ ಅವನ ತಪ್ಪು.

ಅಷ್ಟರಲ್ಲಿ ಸಮಿತಿ ತನ್ನ ವಾರ್ಷಿಕ ವರದಿಯನ್ನು ಪ್ರಕಟಿಸಿತು. ಆರನೆಯ ಪರಿಷ್ಕರಣೆಯ ನಂತರ ಕಟ್ಟಿದ ಮನೆಗಳಲ್ಲಿ ಒಬ್ಬನೇ ಒಬ್ಬ ಪ್ರಜೆಗೂ ವಿದ್ಯುದಾಘಾತವಾಗಿಲ್ಲವೆಂಬುದು ಅದರ ಮುಖ್ಯಾಂಶ. ಆ ಮನೆಗಳಲ್ಲಿ ಒಂದಕ್ಕೂ ಮೀಟರು ದೊರೆತಿಲ್ಲವೆಂಬುದು ವರದಿಯ ವ್ಯಾಪ್ತಿಗೆ ಬರುವ ವಿಷಯವಾಗಿರಲಿಲ್ಲ. ಅಧ್ಯಕ್ಷರಿಗೆ ಪದಕ ದೊರೆಯಿತು. ಇಷ್ಟು ದೊಡ್ಡ ಯಶಸ್ಸಿನ ಗುಟ್ಟನ್ನು ಅರಿತುಕೊಳ್ಳುವ ಸಲುವಾಗಿ ಸಮಿತಿ ತಯಾರಕರನ್ನೂ ವೈರಿಂಗ್‌ನವರ ಪ್ರತಿನಿಧಿಯೊಬ್ಬನನ್ನೂ ಅಹವಾಲಿಗೆ ಕರೆಯಿತು. ಹಾಜಿಯವರು ಪ್ರತಿನಿಧಿಯೆಂದು ದಸೂಕಿಯನ್ನು ಕರೆದೊಯ್ದರು. ಊಟದ ವ್ಯವಸ್ಥೆ ಇರಲಿಲ್ಲ. ಹಾಜಿಯವರ ತಾರಸಿ ಖಾಲಿಯಾಗಿತ್ತು; ರಾಜಧಾನಿಯ ತಯಾರಕರು ಕೊಟ್ಟಿಗೆಯನ್ನೇ ಮಾರಿದ್ದರು. ಇಬ್ಬರೂ ಪರಸ್ಪರ ನೋಡಿಕೊಂಡು, ಒಂದೇ ಕಾಯಿಲೆಯಿಂದ ನರಳುವವರಂತೆ ಪಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತರು.

ಅಧ್ಯಕ್ಷರು ಪದಕವನ್ನು ಸರಿಪಡಿಸಿಕೊಂಡು ದಸೂಕಿಯ ಕಡೆಗೆ ತಿರುಗಿದರು. "ಹೇಳಪ್ಪಾ ಉಸ್ತಾ. ಕೆಲಸ ಮಾಡೋರು ನೀವು. ಸಾಕೆಟ್ಟಲ್ಲಿ ತೊಂದರೆ ಕೊಡೋದು ಯಾವ ಭಾಗ?"

"ತೂತು," ಎಂದನು ದಸೂಕಿ.

"ಯಾವ ತೂತು? ದುಂಡಿಂದಾ, ಸೀಳಿಂದಾ?"

"ಎಲ್ಲ ತೂತೂ ಸಾಹೇಬ್ರೇ. ಈ ತೂತುಗಳೇ ಇಲ್ದಿದ್ರೆ ನನ್ನ ಮಗಳ ಮದುವೆ ಯಾವತ್ತೋ ಆಗಿರ್ತಿತ್ತು."

ಅವನು ಬೇಸರದಿಂದ ಆಡಿದ ಮಾತು ಅದು. ಆದರೆ ಸಭೆ ಅದನ್ನು ಸಿದ್ಧಾಂತವಾಗಿ ಸ್ವೀಕರಿಸಿತು. ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸದಸ್ಯರೊಬ್ಬರು ಆ ವಾಕ್ಯವನ್ನು ಬರೆದುಕೊಂಡು, ಎರಡು ಬಾರಿ ಓದಿ, ಇದರಲ್ಲಿ ದೋಷ ಕಾಣುವುದಿಲ್ಲವೆಂದರು. ಹಾಜಿಯವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು: ತೂತಿಲ್ಲದ ಸಾಕೆಟ್ಟಿಗೆ ಹಿತ್ತಾಳೆ ಬೇಡ, ಸ್ಪ್ರಿಂಗ್ ಬೇಡ, ತಿರುಪು ಸಾಕು, ಅಚ್ಚು ಒಂದೇ, ಬದಲಾಗುವುದಕ್ಕೆ ಅದರಲ್ಲಿ ಏನೂ ಇಲ್ಲ. ಪಕ್ಕದ ಕುರ್ಚಿಯವರು ಅದೇ ಲೆಕ್ಕವನ್ನು ಮೊದಲೇ ಮುಗಿಸಿ ಕೈ ಎತ್ತಿದ್ದರು.

"ತಯಾರಕರ ಪರವಾಗಿ ಸಂಪೂರ್ಣ ಒಪ್ಪಿಗೆ," ಎಂದರು ಇಬ್ಬರೂ. ಇಬ್ಬರೂ ಒಟ್ಟಿಗೆ ಮಾತನಾಡಿದ್ದು ಅದೇ ಮೊದಲು.

ಒಂಬತ್ತನೆಯ ಪರಿಷ್ಕರಣೆ ಈ ವಿಷಯದ ಅಂತಿಮ ಗ್ರಂಥವೆಂದು ಪರಿಗಣಿತವಾಗಿದೆ. ಅದರ ಸಾರ ಇಷ್ಟು: 'ಸಾಕೆಟ್ಟಿಗೆ ಯಾವುದೇ ಆಕಾರದ ತೂತು ಇರಕೂಡದು. ತೂತಿಲ್ಲದ ಸಾಕೆಟ್ಟಿನ ಹಿಂದೆ ತಂತಿ ಎಳೆಯುವುದು ವ್ಯರ್ಥ ವೆಚ್ಚವಾದ್ದರಿಂದ ಅದನ್ನು ಕೈಬಿಡತಕ್ಕದ್ದು. ಪ್ರಜೆಗಳ ಅನುಕೂಲವನ್ನು ಗಮನದಲ್ಲಿಟ್ಟುಕೊಂಡು, ಪ್ರತಿ ಕೋಣೆಯಲ್ಲೂ ಇಂತಹ ಸಾಕೆಟ್ಟುಗಳು ಆರಕ್ಕೆ ಕಡಿಮೆಯಿರಕೂಡದು.'

ದಸೂಕಿ ಈ ಬಾರಿ ಗೋಡೆ ಒಡೆಯಲಿಲ್ಲ. ಒಂದೇ ದಿನದಲ್ಲಿ ಬಿಳಿಯ ಬಿಲ್ಲೆಗಳನ್ನು ಗೋಡೆಗಳ ಮೇಲೆ ಸಾಲಾಗಿ ಕೂರಿಸಿದನು. ತೇಪೆಗಳೆಲ್ಲ ಅವುಗಳ ಹಿಂದೆ ಮರೆಯಾಗಿ ಮನೆ ಹಿಂದೆಂದಿಗಿಂತ ಚೆನ್ನಾಗಿ ಕಂಡಿತು. ಫಿಕ್ರಿಯವರು ಬಂದು, ತಮ್ಮ ಪರೀಕ್ಷಾ ಸಾಧನವನ್ನು ಪ್ರತಿ ಬಿಲ್ಲೆಗೂ ಮುಟ್ಟಿಸಿ, ಎಲ್ಲಿಯೂ ಯಾವ ಸೂಚನೆಯೂ ದೊರೆಯದಿರಲು, ಭಾವುಕರಾದರು.

"ನನ್ನ ಇಡೀ ಸರ್ವೀಸಲ್ಲಿ ಇಷ್ಟು ಸುರಕ್ಷಿತವಾದ ಮನೆ ನೋಡಿಲ್ಲ ಉಸ್ತಾ. ಸೈನ್ ಹಾಕೋಕೆ ಪೆನ್ನು ಕೊಡಿ. ನನ್ನದರಲ್ಲಿ ಶಾಯಿ ಒಣಗಿಹೋಗಿದೆ, ಉಪಯೋಗವೇ ಆಗಿರ್ಲಿಲ್ಲ."

ಮೀಟರು ಅದೇ ವಾರ, ದೊಡ್ಡ ಹಬ್ಬಕ್ಕೆ ಮುಂಚೆಯೇ, ಬಂತು. ಮೆಟ್ಟಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಅದು ಶೂನ್ಯವನ್ನು ತೋರಿಸುತ್ತ ಗಂಭೀರವಾಗಿ ನಿಂತಿತು. ಉಮ್ ನಜ್ಲಾ ಬಂದು ನೋಡಿದಳು. ಬಾಗಿಲಿನಿಂದ ಬಾಗಿಲಿಗೆ ನಡೆದು, ಬಿಲ್ಲೆಗಳ ಮೇಲೆ ಕೈಯಾಡಿಸಿದಳು.

"ಮೀಟರ್ ಬಂತು, ಸರಿ. ನಾನು ಕೇಳಿದ್ದು ದೀಪ."

"ದೀಪ ನನ್ನ ಜವಾಬ್ದಾರಿ," ಎಂದನು ದಸೂಕಿ. ಹೆಂಡತಿಯ ಮುಖವನ್ನು ಮಾತ್ರ ನೋಡಲಿಲ್ಲ.

ಆ ಬೀದಿಯಲ್ಲಿ ಯಾರ ಮದುವೆಯಾದರೂ ಸರಿ, ಬಣ್ಣದ ದೀಪಗಳಿಗೆ ಬೀದಿಕಂಬದಿಂದ ತಂತಿ ಎಳೆಯುವುದು ವಾಡಿಕೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಮದುವೆ ಮುಗಿದ ಮೇಲೆ ತೆಗೆದುಬಿಡುತ್ತಾರೆ. ದಸೂಕಿಯೂ ಕಂಬ ಹತ್ತಿದನು. ವ್ಯತ್ಯಾಸವೆಂದರೆ ಅವನ ತಂತಿ ದಪ್ಪವಾಗಿತ್ತು, ಮತ್ತು ಅದು ಬಣ್ಣದ ದೀಪಗಳ ಬಳಿ ನಿಲ್ಲದೆ ಅಡುಗೆಮನೆಯ ಕಿಟಕಿಯಿಂದ ಒಳಕ್ಕೆ ಹೊಕ್ಕಿತು. ಒಳಗೆ ಹಲಗೆಯೊಂದರ ಮೇಲೆ ಒಂದನೆಯದರಿಂದ ಎಂಟನೆಯ ಪರಿಷ್ಕರಣೆಯವರೆಗಿನ ಒಂದೊಂದು ಸಾಕೆಟ್ಟನ್ನು ಕೂಡಿಸಿದ್ದನು. ಅವು ಹಾಜಿಯವರ ಗೋದಾಮಿನಲ್ಲಿ ಕೊಳೆಯುತ್ತಿದ್ದ ಸರಕು. ಯಾವ ವಸ್ತುವಿನ ಬಾಲವಿದ್ದರೂ ಆ ಹಲಗೆಯ ಮೇಲೆ ಅದಕ್ಕೊಂದು ಜಾಗವಿತ್ತು. ಹಲಗೆ ಗೋಡೆಗೂ ಅಂಟಿರಲಿಲ್ಲ, ಪೆಟ್ಟಿಗೆಯಲ್ಲೂ ಬಂದಿರಲಿಲ್ಲ. ಆದ್ದರಿಂದ ಅದು ಯಾರ ಕಡೆಯದೆಂಬ ಚರ್ಚೆಯನ್ನು ಯಾರೂ ಎತ್ತಲಿಲ್ಲ.

ಕಂಬದ ಮೇಲೆ ಗಂಟು ಬಿಗಿಯುವಾಗ ದಸೂಕಿಯ ಬಲಗೈಗೆ ಭುಜದವರೆಗೆ ಏಟು ಬಿತ್ತು. ಹಲ್ಲು ಕಚ್ಚಿ, ಕ್ಷಣಕಾಲ ಕಂಬವನ್ನು ಎಡಗೈಯಿಂದ ಅಪ್ಪಿಕೊಂಡಿದ್ದು, ನಂತರ ಗಂಟನ್ನು ಪೂರ್ಣಗೊಳಿಸಿದನು. ಬೀದಿಕಂಬ ಮನೆಯ ಭಾಗವಲ್ಲವಾದ್ದರಿಂದ ಈ ಏಟು ಯಾವ ವರದಿಯಲ್ಲೂ ಸೇರುವಂಥದಲ್ಲ.

"ಏನಾಯ್ತು ಬೀಗ್ರೇ?" ಎಂದು ಕೆಳಗಿನಿಂದ ಹಾಜಿಯವರು ಕೂಗಿ ಕೇಳಿದರು.

"ಏನಿಲ್ಲ. ಕರೆಂಟ್ ಇದೆಯಾ ಅಂತ ನೋಡ್ದೆ."

"ಇದೆಯಾ?"

"ಇದೆ."

ಮದುವೆ ವಿಜೃಂಭಣೆಯಿಂದ ನೆರವೇರಿತು. ಪೆಟ್ಟಿಗೆಗಳು ಎರಡು ಲಾರಿಗಳಲ್ಲಿ, ಸೀಲುಗಳು ಹೊರಮುಖವಾಗಿ ಕಾಣುವಂತೆ, ಊರು ಸುತ್ತಿಬಂದವು. ಹತ್ತಿ ವ್ಯಾಪಾರಿಯ ಅಂಗಡಿಯ ಮುಂದೆ ಲಾರಿ ಸ್ವಲ್ಪ ನಿಧಾನವಾಗಬೇಕೆಂದು ಉಮ್ ನಜ್ಲಾ ಚಾಲಕನಿಗೆ ಸೂಚಿಸಿದ್ದಳು. ಇಂಜಿನಿಯರ್ ಫಿಕ್ರಿಯವರು ಮುಖ್ಯ ಅತಿಥಿಗಳಾಗಿದ್ದರು. ಸಮಿತಿಯ ಅಧ್ಯಕ್ಷರು ಬರಲಾಗದಿದ್ದರೂ ಶುಭಾಶಯದ ತಂತಿ ಕಳುಹಿಸಿದ್ದರು. ಆ ವರ್ಷ ತಂತಾದಲ್ಲಿ ನಿಂತುಹೋಗಿದ್ದ ಮದುವೆಗಳೆಲ್ಲ ಒಂದಾದ ಮೇಲೊಂದು ನಡೆದವು. ಪ್ರತಿ ಮದುವೆಗೂ ಕಂಬದಿಂದ ಒಂದೊಂದು ತಂತಿ ಹೊರಟು, ಬೀದಿಗಳ ಮೇಲೆ ನೆರಳು ಬೀಳುವಷ್ಟು ಹೆಣೆದುಕೊಂಡಿತು. ಬೇಸಿಗೆಯಲ್ಲಿ ಅದರಿಂದ ನಡೆದಾಡುವವರಿಗೆ ಅನುಕೂಲವೇ ಆಯಿತು. ದಸೂಕಿಗೆ ಗೋಡೆಯ ಕೆಲಸ ತಪ್ಪಿದರೂ ಕಂಬದ ಕೆಲಸ ಹೆಚ್ಚಾಯಿತು. ಹಾಜಿಯವರು ತಾರಸಿಗೆ ಹೊಸ ಪಾರಿವಾಳಗಳನ್ನು ತಂದರು.

ಒಂಬತ್ತನೆಯ ಪರಿಷ್ಕರಣೆಯ ಕೊನೆಯ ಕಲಮಿನ ಪ್ರಕಾರ, ಪ್ರಮಾಣಪತ್ರ ಪಡೆದ ಮನೆಯಲ್ಲಿ ವಾಸ ಆರಂಭವಾದ ಮೇಲೆ ತಪಾಸಣಾಧಿಕಾರಿ ಒಮ್ಮೆ ಭೇಟಿ ಕೊಟ್ಟು, ಶಾಕ್ ತಗುಲಿದ ಪ್ರಕರಣಗಳನ್ನು ದಾಖಲಿಸತಕ್ಕದ್ದು. ಫಿಕ್ರಿಯವರು ಶನಿವಾರ ಬೆಳಿಗ್ಗೆ ಬಂದರು. ಮಗಳನ್ನು ನೋಡಲು ಬಂದಿದ್ದ ದಸೂಕಿಯೂ ಅಲ್ಲೇ ಕುಳಿತಿದ್ದನು. ನಜ್ಲಾ ದಾಸವಾಳದ ಶರಬತ್ತನ್ನು ತಂದಿಟ್ಟಳು. ಲೋಟದ ಹೊರಮೈಯಲ್ಲಿ ಹನಿಗಳು ಮೂಡಿದ್ದವು.

"ತಣ್ಣಗಿದೆಯಲ್ಲಮ್ಮ," ಎಂದರು ಫಿಕ್ರಿಯವರು, ಮೊದಲ ಗುಟುಕಿನ ನಂತರ.

"ಹೌದು ಸಾಹೇಬ್ರೇ."

"ಸಾಕೆಟ್ಟಿಂದ ಏನೂ ಬರ್ತಿಲ್ಲ ತಾನೆ?"

"ಒಂದು ಹನಿ ಬರ್ತಿಲ್ಲ. ಎಲ್ಲ ಕಿಟಕಿಯಿಂದ."

ಫಿಕ್ರಿಯವರು ತಲೆಯಾಡಿಸಿದರು. "ಕಿಟಕಿ ಸಂಹಿತೆಯ ವ್ಯಾಪ್ತಿಗೆ ಬರಲ್ಲ," ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಶರಬತ್ತು ರುಚಿಯಾಗಿತ್ತು. ಇನ್ನೂ ಸ್ವಲ್ಪ ಬೇಕೆನಿಸಿ, ಹುಡುಗಿಗೆ ತೊಂದರೆ ಕೊಡುವುದೇಕೆಂದು, ತಳದಲ್ಲಿ ಒಂದಿಷ್ಟು ಉಳಿದಿದ್ದ ಲೋಟವನ್ನು ಹಿಡಿದು ತಾವೇ ಎದ್ದು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಹಿಡಿಗೆ ಕೈಯಿಟ್ಟರು.

ಅವರು ನೆಗೆದದ್ದು ಅಷ್ಟು ಎತ್ತರವೇನಲ್ಲ. ಲೋಟ ಒಡೆಯಲಿಲ್ಲ. ಕೆಂಪು ಶರಬತ್ತು ಮಾತ್ರ ಗೋಡೆಯ ಬಿಳಿಯ ಬಿಲ್ಲೆಗಳ ಮೇಲೆ ಚಿಮ್ಮಿತು; ತೂತುಗಳಿಲ್ಲದ ಕಾರಣ ಒಳಗೆ ಹೋಗಲಿಲ್ಲ. ದಸೂಕಿ ಕುಳಿತಲ್ಲಿಂದ ಅರ್ಧ ಎದ್ದವನು, ಅವರು ನಿಂತುಕೊಂಡಿದ್ದಾರೆಂದು ನೋಡಿ ಮತ್ತೆ ಕುಳಿತನು.

"ಅಯ್ಯೋ, ನಂದೇ ತಪ್ಪು ಸಾಹೇಬ್ರೇ, ಮೊದಲೇ ಹೇಳಬೇಕಿತ್ತು," ಎಂದು ನಜ್ಲಾ ಬಾಗಿಲ ಬಳಿಯ ಗೂಡಿನಿಂದ ಒಂದು ಜೊತೆ ರಬ್ಬರ್ ಚಪ್ಪಲಿಗಳನ್ನು ತಂದು ಅವರ ಕಾಲ ಬುಡದಲ್ಲಿ ಜೋಡಿಸಿದಳು. "ಇದು ಹಾಕ್ಕೊಂಡು ಮುಟ್ಟಿ, ಏನೂ ಆಗಲ್ಲ. ಅತಿಥಿಗಳಿಗೆ ಅಂತಾನೇ ಬೇರೆ ಇಟ್ಟಿದ್ದೀನಿ."

ಫಿಕ್ರಿಯವರು ಚಪ್ಪಲಿ ಮೆಟ್ಟಿಕೊಂಡರು. ಅಳತೆ ಸರಿಯಾಗಿತ್ತು. ಫ್ರಿಜ್ಜು ತೆರೆದು ಶರಬತ್ತು ಬಗ್ಗಿಸಿಕೊಂಡು ಬಂದು ಕುಳಿತು, ಶಾಕ್ ತಗುಲಿದ ಪ್ರಕರಣಗಳು ಎಂಬಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಕಾಲುಗಳನ್ನು ಮುಂದೆ ಚಾಚಿ, ಚಪ್ಪಲಿಗಳನ್ನು ಬಹಳ ಹೊತ್ತು ನೋಡಿದರು.

"ಇದು ಎಲ್ಲಿ ತಂದಿದ್ದಮ್ಮ?" ಎಂದು ಕೇಳಿದರು. "ನಮ್ಮ ಮನೇಲೂ ನಾಲ್ಕು ಜೊತೆ ಬೇಕಾಗಿತ್ತು."